ಒಬ್ಳಿಗೇ ಎಂತಕ್ಕೆ ಅಷ್ಟೆಲ್ಲ?

ನಮ್ಮ ಶಿರಸಿ ಕಡೆ ಮನೆಗಳಲ್ಲಿ ಒಳ್ಳೆಯದೆಲ್ಲ ನೆಂಟರಿಗೆ ಮೀಸಲು, ಅಲ್ವಾ? ಕಾಗದದಷ್ಟು ತೆಳ್ಳಗಿನ ಸಿಹಿ ತೊಡೆದೇವಿನ ಡಬ್ಬ, ಜೀರಿಗೆ ಮಿಡಿ ಉಪ್ಪಿನಕಾಯಿಯ ಭರಣಿ, ಕಪಾಟಿನಲ್ಲಿರುವ ಹೊಸ ಲೋಟಗಳು, ಎಲ್ಲ ಯಾರಾದರೂ ಬಂದಾಗ ಹೊರಗೆ ಬರುತ್ತವೆ. ಮನೆಯವರಿಗೆ ಮುರಿದ ತೊಡೆದೇವಿನ ಚೂರು. ನಾನೂ ಹಾಗೇ ಬೆಳೆದವಳು. ಈಗ ಜರ್ಮನಿಯ ಮಾನ್‌ಹೈಮ್‌ನಲ್ಲಿ ಒಬ್ಬಳೇ ಇದ್ದೇನೆ. ಮದುವೆ ಆಗಿಲ್ಲ, ನೆಂಟರು ಬರುವುದಿಲ್ಲ. ಹಾಗಾದರೆ ಭರಣಿ ತೆಗೆಯುವುದು ಯಾವಾಗ, ನೀವೇ ಹೇಳಿ.

ಬಂದ ಹೊಸತರಲ್ಲಿ ರಾತ್ರಿ ಊಟ ಅಂದರೆ ಬ್ರೆಡ್ಡು, ಇಲ್ಲಾಂದ್ರೆ ಮೊಸರನ್ನ, ಅದೂ ಪಾತ್ರೆಯಲ್ಲೇ. ಈಗ ಭಾನುವಾರ ಬೆಳಿಗ್ಗೆ ತೆಳ್ಳೇವು, ಅಂದರೆ ನಮ್ಮ ಕಡೆಯ ತೆಳು ದೋಸೆ, ಎರೆಯುತ್ತೇನೆ. ಇಲ್ಲಿ ಭಾನುವಾರ ಅಂಗಡಿಗಳೆಲ್ಲ ಬಂದ್. ಮನೆಯಲ್ಲಿ ಸದ್ದು ಮಾಡುವ ಹಾಗೂ ಇಲ್ಲ. ಹಾಗಾಗಿ ಶನಿವಾರ ಸಂಜೆಯೇ ಅಕ್ಕಿ ಮಿಕ್ಸರಿಗೆ ಹಾಕಿ ಮುಗಿಸಬೇಕು. ಹಿಟ್ಟು ನೀರು ನೀರಾಗಿರಬೇಕು, ಕಾವಲಿ ಚೆನ್ನಾಗಿ ಕಾದಿರಬೇಕು. ಮೊದಲನೆಯದು ಹಿಡಿದುಕೊಂಡೇ ಬಿಡುತ್ತದೆ, ಅದನ್ನು ಕೆರೆದು ನಿಂತಲ್ಲೇ ಬಾಯಿಗೆ ಹಾಕಿಕೊಳ್ಳುತ್ತೇನೆ. ಎರಡನೆಯದರ ಅಂಚು ತಾನಾಗಿ ಏಳುತ್ತದೆ. ತುಪ್ಪ, ಊರಿಂದ ಬಂದ ಜೋನಿ ಬೆಲ್ಲ, ಹಳೆ ಸಾಮಾನಿನ ಸಂತೆಯಲ್ಲಿ ಕೊಂಡ ನೀಲಿ ಹೂವಿನ ತಟ್ಟೆ.

ವಿಡಿಯೋ ಕಾಲ್‌ನಲ್ಲಿ ಆ ತಟ್ಟೆ ನೋಡಿ ಆಯಿ, ಅಂದರೆ ನನ್ನ ಅಮ್ಮ, ಕೇಳಿದಳು: "ಒಬ್ಳಿಗೇ ಎಂತಕ್ಕೆ ಕೂಸೆ ಅಷ್ಟೆಲ್ಲ?"

ಆಯಿಯನ್ನು ದೂರುವಂತಿಲ್ಲ. ತನಗೆ ಅಂತ ಒಂದು ಲೋಟ ಕಷಾಯವನ್ನೂ ಕಾಸಿಕೊಂಡವಳಲ್ಲ ಅವಳು. ಆದರೆ ಒಬ್ಬಳು ಅಂದರೆ ಲೆಕ್ಕಕ್ಕಿಲ್ಲ ಅನ್ನುವ ಮಾತು ನನಗಂತೂ ಒಪ್ಪಿಗೆ ಇಲ್ಲ.

ಜರ್ಮನಿಯಲ್ಲಿ ಸುಮಾರು 1.7 ಕೋಟಿ ಜನ ಒಬ್ಬರೇ ವಾಸ ಮಾಡುತ್ತಾರೆ. ಐದು ಜನರಲ್ಲಿ ಒಬ್ಬರು! ಬೇಕರಿಯಲ್ಲಿ ಅರ್ಧ ಬ್ರೆಡ್ ಕೇಳಿದರೆ ಮುಖ ನೋಡದೆ ಕತ್ತರಿಸಿ ಕೊಡುತ್ತಾರೆ. ಎಲ್ಲ ಖುಷಿಯಾಗಿದ್ದಾರೆ ಅಂತಲ್ಲ. ಚಳಿಗಾಲದಲ್ಲಿ ನಾಲ್ಕೂವರೆಗೇ ಕತ್ತಲಾದಾಗ, ಜ್ವರ ಬಂದು ಮಲಗಿದಾಗ, ಯಾರಾದರೂ ಇದ್ದಿದ್ದರೆ ಅಂತ ನನಗೂ ಅನಿಸುತ್ತದೆ. ಅದು ಬೇರೆ ವಿಷಯ.

ನನ್ನ ದೊಡ್ಡ ಚಟ ಅಂದರೆ ಈ ಊರಿನದೇ ಐಸ್‌ಕ್ರೀಂ, ನೋಡಲು ಇಟಲಿಯ ಸ್ಪಾಗೆಟ್ಟಿ ನೂಡಲ್ಸ್ ಹಾಗೇ ಕಾಣುವ ಷ್ಪಗೆಟ್ಟಿ ಐಸ್. 1969ರಲ್ಲಿ ದಾರಿಯೋ ಫಾಂಟನೆಲ್ಲಾ ಅನ್ನುವವರು ಇಲ್ಲೇ ಮಾನ್‌ಹೈಮ್‌ನಲ್ಲಿ ಶುರು ಮಾಡಿದ್ದು. ನಮ್ಮ ಶಾವಿಗೆ ಒರಳಿನಂಥದೇ ಒಂದು ಒತ್ತುವ ಸಾಧನಕ್ಕೆ ವೆನಿಲ್ಲಾ ಐಸ್‌ಕ್ರೀಂ ತುಂಬಿ ಒತ್ತುತ್ತಾರೆ. ಕೆಳಗೆ ಕಡೆದ ಕೆನೆ, ಮೇಲೆ ಸ್ಟ್ರಾಬೆರಿ ರಸ, ಚೀಸ್‌ನ ಜಾಗದಲ್ಲಿ ಬಿಳಿ ಚಾಕೊಲೇಟ್ ತುರಿ. ತಣ್ಣಗಿನ ಐಸ್‌ಕ್ರೀಮಿಗೆ ತಾಗಿದ ಕಡೆ ಕೆನೆ ಗಟ್ಟಿಯಾಗಿರುತ್ತದೆ, ಅದೇ ನನಗಿಷ್ಟ. ಮೊದಲು ಬಿಲ್ ಬಂದ ಕೂಡಲೇ ಮನಸ್ಸಿನಲ್ಲೇ ರೂಪಾಯಿಗೆ ತಿರುಗಿಸಿ ಎದೆ ಧಸಕ್ ಅನ್ನುತ್ತಿತ್ತು. ಈಗ ತಿಂದು ಮುಗಿಸಿದ ಮೇಲೆ ಲೆಕ್ಕ ಹಾಕುತ್ತೇನೆ. ಹೋದ ಬೇಸಿಗೆಯಲ್ಲಿ ಪಕ್ಕದ ಮೇಜಿನಲ್ಲಿ ಒಬ್ಬ ಅಜ್ಜಿ ಇದ್ದರು. ಲಿಪ್‌ಸ್ಟಿಕ್ ಹಾಕಿಕೊಂಡು, ಕೊರಳಿಗೆ ರೇಷ್ಮೆ ಸ್ಕಾರ್ಫ್ ಕಟ್ಟಿಕೊಂಡು, ಒಬ್ಬರೇ. ಕೈಯಲ್ಲಿ ಪುಸ್ತಕ ಇಲ್ಲ, ಫೋನ್ ಇಲ್ಲ. ಬಟ್ಟಲು ಖಾಲಿಯಾಗುವ ತನಕ ತಲೆ ಎತ್ತಲಿಲ್ಲ.

ಅದೇ ಧೈರ್ಯದ ಮೇಲೆ ಕಳೆದ ರಜೆಯಲ್ಲಿ ಶಿರಸಿ ಪೇಟೆಗೆ ಹೋದವಳು ದೇವಿಕೆರೆ ಹತ್ತಿರ ಒಂದು ಹೋಟೆಲಿಗೆ ಒಬ್ಬಳೇ ಹೊಕ್ಕೆ. ಮಸಾಲೆ ದೋಸೆ, ಅದರ ಮೇಲೊಂದು ಕಾಫಿ, ಆಮೇಲೆ ಸುಮ್ನೆ ಇನ್ನೊಂದು ಕಾಫಿ. ಮಾಣಿ ಎರಡು ಸಲ "ಮತ್ತೆ ಯಾರಾದ್ರೂ ಬರೋದಿದ್ಯಾ?" ಅಂತ ಕೇಳಿದ. ಬಸ್ಸಿಳಿದು ಮನೆ ಮುಟ್ಟುವಷ್ಟರಲ್ಲಿ ಅಪ್ಪನಿಗೆ ಫೋನ್ ಬಂದಾಗಿತ್ತು. "ನಿಂಗಳ ಮನೆ ಕೂಸು ಹೋಟ್ಲಲ್ಲಿ ಒಬ್ಳೇ ಕೂತಿತ್ತು." ಏನೋ ಆಗಬಾರದ್ದು ಆದ ಹಾಗೆ! ಅಪ್ಪ ಕೇಳಿದ್ದು ಇಷ್ಟೇ, ದೋಸೆ ಹೆಂಗಿತ್ತು ಅಂತ.

ಈ ಸಲ ಆಯಿ ಮಿಡಿ ಉಪ್ಪಿನಕಾಯಿ ಕಳಿಸುವಾಗ "ಯಾರಾದರೂ ಬಂದರೆ ಬೇಕು, ಇಟ್ಟಿರು" ಅಂದಳು. ಭರಣಿ ಅರ್ಧ ಖಾಲಿಯಾಗಿದೆ. ಊರಿನವರು ಯಾರಾದರೂ ಈ ಕಡೆ ಬರುವುದಿದ್ದರೆ ಬೇಗ ಬನ್ನಿ. ಷ್ಪಗೆಟ್ಟಿ ಐಸ್ ನಾನೇ ಕೊಡಿಸುತ್ತೇನೆ. ಒಂದೇ ಬಟ್ಟಲಿಗೆ ಎರಡು ಚಮಚ ಮಾತ್ರ ಕೇಳಬೇಡಿ.