ಮ್ಯೂಸಿಯಂ ಬಾಗಿಲಲ್ಲಿ 10 ನಿಮಿಷ

ದೆಹಲಿಗೆ ಬರುವ ಕನ್ನಡದ ಪ್ರವಾಸಿಗರಿಗೆ ಊರು ತೋರಿಸೋದು ನನ್ನ ಕೆಲಸ. ಜನಪಥ್ ರಸ್ತೆಯ ರಾಷ್ಟ್ರೀಯ ಮ್ಯೂಸಿಯಂಗೆ ಎಷ್ಟು ಸಲ ಹೋಗಿದ್ದೇನೋ ಲೆಕ್ಕ ಇಟ್ಟಿಲ್ಲ. ಮೊದಲೆಲ್ಲ ಟಿಕೆಟ್ ಕೈಗೆ ಬಂದ ಕೂಡಲೇ ಸೀದಾ ಹರಪ್ಪಾ ಕಾಲದ ವಸ್ತುಗಳ ಹತ್ತಿರ ಕರಕೊಂಡು ಹೋಗುತ್ತಿದ್ದೆ. ಆಮೇಲೆ ಮೌರ್ಯರು, ಗುಪ್ತರು, ಚಾಲುಕ್ಯರು. ಕಾಲದ ಸಾಲು ಹಿಡಿದು ಹೊರಟರೆ ಹೇಳೋಕೆ ಸುಲಭ, ಅಲ್ವಾ?

ಒಮ್ಮೆ ಬಾಗಲಕೋಟೆ ಕಡೆಯಿಂದ ನಿವೃತ್ತ ಮೇಷ್ಟ್ರುಗಳು ಬಂದಿದ್ದರು. ಐಹೊಳೆಯ ಹಾರುವ ಗಂಧರ್ವರ ಮುಂದೆ ಎಲ್ಲರ ಕಾಲೂ ನಿಂತುಬಿಟ್ಟಿತು. 7ನೇ ಶತಮಾನದ ಕೆಲಸ. ಅದನ್ನು ನೋಡುತ್ತಾ ನಿಂತರೆ ಕಲ್ಲಿಗೆ ತೂಕವೇ ಇಲ್ಲ ಅನ್ನಿಸುತ್ತದೆ. ಒಬ್ಬ ಹಿರಿಯರು ಕೇಳಿದರು: "ಇದು ನಮ್ಮ ಐಹೊಳಿದು. ಇಷ್ಟೂ ಊರಿನ ದೇವರು ಒಂದ ಕಡೆ ಹ್ಯಾಂಗ ಬಂದ್ವು, ತಂಗಿ?"

"ಸರ್ಕಾರದವರು ತಂದಿಟ್ಟಿದ್ದಾರೆ ಸರ್" ಅಂದು ಮುಂದೆ ನಡೆದೆ. ಅವರು ಮತ್ತೇನೂ ಕೇಳಲಿಲ್ಲ. ಆ ಮೌನ ನನ್ನನ್ನು ಬಹಳ ದಿನ ಕಾಡಿತು. ಆಮೇಲೆ ಕೂತು ಓದಿದೆ.

ನಮ್ಮಲ್ಲಿ ಮ್ಯೂಸಿಯಂ ಶುರುವಾದದ್ದು 1814ರಲ್ಲಿ, ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿ ಅನ್ನೋ ಬ್ರಿಟಿಷರ ವಿದ್ವತ್ ಸಂಸ್ಥೆಯಲ್ಲಿ. ದೇವರ ಮೂರ್ತಿ, ಪ್ರಾಣಿಯ ಎಲುಬು, ಖನಿಜ ಎಲ್ಲವೂ ಒಂದೇ ಸೂರಿನಡಿ. ನಮ್ಮ ಶಿಲ್ಪವನ್ನು ಬ್ರಿಟಿಷರು ಹೆಚ್ಚಾಗಿ ಹಳೇ ಕಾಲದ ಕುರುಹು ಅಂತ ನೋಡಿದರೇ ಹೊರತು ಕಲೆ ಅಂತ ನೋಡಿದವರು ಕಡಿಮೆ. ದೆಹಲಿಗೆ ಒಂದು ರಾಷ್ಟ್ರೀಯ ಮ್ಯೂಸಿಯಂ ಬೇಕು ಅಂತ ಮಾರಿಸ್ ಗ್ವೈಯರ್ ಅಧ್ಯಕ್ಷತೆಯ ಸರ್ಕಾರಿ ಸಮಿತಿ ನಕ್ಷೆ ಹಾಕಿಕೊಟ್ಟಿದ್ದು 1946ರಲ್ಲಿ, ಬ್ರಿಟಿಷರು ಹೊರಡುವ ಹೊತ್ತಿಗೆ.

ಆದರೆ ಅದಕ್ಕೆ ಜೀವ ಬಂದದ್ದು ಲಂಡನ್ನಿನಲ್ಲಿ ನಡೆದ ಒಂದು ಪ್ರದರ್ಶನದಿಂದ. 1947-48ರ ಚಳಿಗಾಲದಲ್ಲಿ ರಾಯಲ್ ಅಕಾಡೆಮಿ ಅನ್ನೋ ಕಲಾ ಸಂಸ್ಥೆಯವರು ತಮ್ಮ ಬರ್ಲಿಂಗ್ಟನ್ ಹೌಸ್ ಕಟ್ಟಡದಲ್ಲಿ ಭಾರತದ ಕಲೆಯನ್ನು ತೋರಿಸಿದರು. ಅದಕ್ಕಾಗಿ ದೇಶದ ಬೇರೆ ಬೇರೆ ಮ್ಯೂಸಿಯಂಗಳಿಂದ ಒಳ್ಳೊಳ್ಳೆಯ ವಸ್ತುಗಳು ಹಡಗು ಹತ್ತಿದವು. ಅವು ವಾಪಸ್ ಬಂದಾಗ, ಊರೂರಿಗೆ ಕಳಿಸುವ ಮೊದಲು ನಮ್ಮ ಜನರೂ ಒಮ್ಮೆ ನೋಡಲಿ ಅಂತ ದೆಹಲಿಯಲ್ಲೇ ಇಟ್ಟರು. ಎಲ್ಲಿ ಗೊತ್ತಾ? ವೈಸರಾಯ್ ಇದ್ದ ಬಂಗಲೆಯಲ್ಲಿ, ಅಂದರೆ ಇವತ್ತಿನ ರಾಷ್ಟ್ರಪತಿ ಭವನದಲ್ಲಿ. ದರ್ಬಾರು ನಡೆಯುತ್ತಿದ್ದ ಮನೆಯೊಳಗೆ ಬುದ್ಧ, ವಿಷ್ಣು, ಯಕ್ಷಿ. ಈ ಚಿತ್ರ ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಎಲ್ಲವೂ ತಮ್ಮ ತಮ್ಮ ಊರಿಗೆ ಮರಳಲಿಲ್ಲ. ಅದೇ ಜಾಗದಲ್ಲಿ 1949ರ ಆಗಸ್ಟ್ 15ರಂದು ರಾಜಗೋಪಾಲಾಚಾರಿಯವರು ರಾಷ್ಟ್ರೀಯ ಮ್ಯೂಸಿಯಂ ಉದ್ಘಾಟಿಸಿದರು. ಈಗಿನ ಕಟ್ಟಡಕ್ಕೆ ನೆಹರೂ ಅಡಿಗಲ್ಲು ಹಾಕಿದ್ದು 1955ರಲ್ಲಿ, ಬಾಗಿಲು ತೆರೆದದ್ದು 1960ರಲ್ಲಿ. ಬಿಹಾರದ ರಾಮಪುರ್ವದಲ್ಲಿ ಸಿಕ್ಕ ಅಶೋಕನ ಕಾಲದ ಕಲ್ಲಿನ ಗೂಳಿ ಮಾತ್ರ ಇವತ್ತಿಗೂ ರಾಷ್ಟ್ರಪತಿ ಭವನದಲ್ಲೇ ನಿಂತಿದೆ. ಈಗ ಬ್ರಿಟಿಷರು ಸರ್ಕಾರಿ ಕಚೇರಿಗಳಿಗಾಗಿ ಕಟ್ಟಿದ ನಾರ್ತ್ ಬ್ಲಾಕ್, ಸೌತ್ ಬ್ಲಾಕ್‌ಗಳಲ್ಲೇ ಹೊಸ ರಾಷ್ಟ್ರೀಯ ಮ್ಯೂಸಿಯಂ ಮಾಡುವ ಯೋಜನೆ ಇದೆ. ಆಗ ಊರಿನವರು ಕೇಳುವ ಪ್ರಶ್ನೆಗಳು ಇನ್ನೂ ಜಾಸ್ತಿ ಆಗುತ್ತವೆ. ಆಗಬೇಕು ಕೂಡ.

ಇದನ್ನೆಲ್ಲ ಓದಿದ ಮೇಲೆ ನಾನು ತೋರಿಸುವ ರೀತಿ ಬದಲಾಯಿತು. ಈಗ ಒಳಗೆ ಹೋಗುವ ಮೊದಲು ಬಾಗಿಲ ಹತ್ತಿರ 10 ನಿಮಿಷ ನಿಲ್ಲಿಸುತ್ತೇನೆ. ವಸ್ತುಗಳ ವಯಸ್ಸು ಆಮೇಲೆ. ಅವು ಇಲ್ಲಿಗೆ ಬಂದ ದಾರಿ ಮೊದಲು. ಬಿಸಿಲಲ್ಲಿ ನಿಂತು ಕೇಳಿದವರು ಒಳಗೆ ಹೋದ ಮೇಲೆ ಬೇರೆಯೇ ತರಹ ನೋಡುತ್ತಾರೆ. ಫಲಕದಲ್ಲಿ ಊರಿನ ಹೆಸರು ಹುಡುಕುತ್ತಾರೆ.

ಹರಪ್ಪಾ ಕಾಲದ ಒಡವೆಗಳ ಮುಂದೆ ಈಗ ತುಂಬಾ ಹೊತ್ತು ನಿಲ್ಲುತ್ತೇವೆ. ಅಲ್ಲಿ ಮೊಹೆಂಜೊದಾರೊದ ಒಂದು ಹಾರ ಇದೆ. ಹಸಿರು ಕಲ್ಲಿನ ಉದ್ದುದ್ದ ಮಣಿಗಳು, ನಡುನಡುವೆ ಪುಟ್ಟ ಚಿನ್ನದ ಬಿಲ್ಲೆಗಳು. ದೇಶ ಇಬ್ಭಾಗವಾದಾಗ ಮ್ಯೂಸಿಯಂ ವಸ್ತುಗಳನ್ನೂ ಪಾಲು ಮಾಡಿದರು. ಈ ಹಾರವನ್ನೂ ಬಿಚ್ಚಿ ಮಣಿಗಳನ್ನು ಹಂಚಿಕೊಂಡರು. ನಾಲ್ಕು ಸಾವಿರ ವರ್ಷಕ್ಕೂ ಹಳೆಯ ಹಾರ! ಮೊದಲು ಇದನ್ನು "ನೋಡಿ, ಎಷ್ಟು ಚೆಂದ" ಅಂತ ಸುಮ್ನೆ ದಾಟಿಸುತ್ತಿದ್ದೆ. ಈಗ ಮಣಿಗಳನ್ನು ಎಣಿಸಿ ಅನ್ನುತ್ತೇನೆ. ಎಣಿಸಿ ಮುಗಿದ ಮೇಲೆ, ಉಳಿದ ಮಣಿಗಳು ಪಾಕಿಸ್ತಾನದಲ್ಲಿವೆ ಅಂತ ಹೇಳುತ್ತೇನೆ.