ಸೈನೈಡ್ ಗುಡ್ಡದ ಪಕ್ಕದ ಮನೆ

ಕೆಜಿಎಫ್, ಅಂದ್ರೆ ಕೋಲಾರದ ಚಿನ್ನದ ಗಣಿ ಊರಿನ ವಿಷ್ಯ ಎತ್ತಿದ್ರೆ ಸಾಕು, ಎರಡೇ ಥರದ ಮಾತು ಬರುತ್ತೆ. ಒಬ್ರು "ಬ್ರಿಟಿಷರಿದ್ದಾಗ ಅದು ಲಿಟಲ್ ಇಂಗ್ಲೆಂಡ್ ಕಣ್ರೀ, ಕ್ಲಬ್ಬು, ಗಾಲ್ಫು, ಆಸ್ಪತ್ರೆ, ಬೆಂಗಳೂರಿಗಿಂತ ಮುಂಚೆ ಕರೆಂಟು" ಅಂತಾರೆ. ಇನ್ನೊಬ್ರು "ದೋಚ್ಕೊಂಡು ಹೋದ್ರು" ಅಂದು ಒಂದೇ ಮಾತಲ್ಲಿ ಮುಗಿಸ್ತಾರೆ. ನಾನು ಮೊದ್ಲಿಂದ್ಲೂ ಎರಡನೇ ಪಾರ್ಟಿ. ಹೋದ್ಸಲ ಆಷಾಢದಲ್ಲಿ ಗೆಳೆಯನ ಜತೆ ಕೆಜಿಎಫ್‌ನ ಚಾಂಪಿಯನ್ ರೀಫಲ್ಲಿರೋ ಅವನ ಅಜ್ಜಿ ಮನೇಲಿ ಎರಡು ದಿನ ಇದ್ದು ಬಂದೆ, ಆವಾಗಿಂದ ಸ್ವಲ್ಪ ಗೊಂದಲ ಶುರುವಾಗಿದೆ, ಅದನ್ನೇ ಬರೀತಿದೀನಿ.

ಆಷಾಢದ ಗಾಳಿ ಗೊತ್ತಲ್ಲ, ಅದು ಬೀಸಿದ ತಕ್ಷಣ ಅಜ್ಜಿ "ಸೈನೈಡ್ ಬಂತು, ಕಿಟಕಿ ಹಾಕು" ಅಂದ್ರು, ನಾನು ಗಾಬರಿ ಬಿದ್ದೆ. ಅವರು ಹಾಗನ್ನೋದು ಧೂಳಿಗೆ. ಅನ್ನದ ಪಾತ್ರೆ ಮೇಲೆ ಒದ್ದೆ ಬಟ್ಟೆ ಮುಚ್ಚಿದ್ರು. ಹಾಕಿದ್ರೂ ಕಿಟಕಿ ಸಂದಿನಲ್ಲಿ ಬೂದು ಬಣ್ಣದ ಪುಡಿ, ಬೆರಳಲ್ಲಿ ಉಜ್ಜಿದ್ರೆ ಮೈದಾ ಹಿಟ್ಟಿನಷ್ಟು ನುಣ್ಣಗೆ. ಆ ಪುಡಿ ಹಾರಿ ಬರೋದು ಮನೆ ಪಕ್ಕದ ಗುಡ್ಡಗಳಿಂದ. ಅದಿರನ್ನ ಹಿಟ್ಟು ಮಾಡಿ ಸೈನೈಡ್ ನೀರಲ್ಲಿ ಚಿನ್ನ ಕರಗಿಸಿ ತೆಗೆದು ಮಿಕ್ಕಿದ್ದನ್ನ ಹೊರಗೆ ಸುರೀತಾ ಸುರೀತಾ ಆಗಿರೋ ಗುಡ್ಡಗಳು ಅವು, ಒಟ್ಟು 13, ಸಾವಿರ ಎಕರೆ ಮೇಲೆ ಹರಡಿವೆ, ಸುಮಾರು 3.3 ಕೋಟಿ ಟನ್. 120 ವರ್ಷದಲ್ಲಿ ಗಣಿಯಿಂದ ತೆಗೆದ ಚಿನ್ನ ಎಷ್ಟು ಅಂದ್ರೆ 800 ಟನ್ ಹತ್ರ. ಗುಡ್ಡದ ಮೇಲೆ ಹತ್ತಿ ನೋಡಿದ್ವಿ, ಮಳೆ ನೀರು ಕೊರೆದಿರೋ ಕೊರಕಲು ಬಿಟ್ರೆ ಬಹಳ ಕಡೆ ಹುಲ್ಲು ಕೂಡ ಸರಿಯಾಗಿ ಇಲ್ಲ.

ಈಗ ಕಂಪನಿ ಕಥೆಗೆ ಬರೋಣ. ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ 1880ರಲ್ಲಿ ಇಲ್ಲಿಗೆ ಕಾಲಿಟ್ರು. ಅದಕ್ಕೂ ಮುಂಚೆ ಲ್ಯಾವೆಲ್ಲೆ ಅನ್ನೋ ಐರಿಷ್ ಮನುಷ್ಯ ಮೈಸೂರು ಸರ್ಕಾರದಿಂದ ಲೈಸೆನ್ಸ್ ತಗೊಂಡಿದ್ದ, ಲ್ಯಾವೆಲ್ಲೆ ರೋಡು ಅಂತ ಕಾಫಿ ಕುಡಿಯೋಕೆ ಹೋಗ್ತೀವಲ್ಲ, ಅದೇ ಹೆಸರು. ಅದಕ್ಕೂ ಮುಂಚೆ, 1802ರಲ್ಲಿ ವಾರನ್ ಅನ್ನೋ ಲೆಫ್ಟಿನೆಂಟ್ ಬಂದಾಗಲೇ ಹಳ್ಳಿಯೋರು ಮಣ್ಣು ತೊಳೆದು ಚಿನ್ನ ತೆಗೆದು ತೋರಿಸಿದ್ರಂತೆ, ಆದ್ರೂ "ಕಂಡುಹಿಡಿದೋರು" ಅಂತ ನಾವು ಹೇಳೋದು ಬ್ರಿಟಿಷರನ್ನೇ, ಇರ್ಲಿ ಬಿಡಿ.

ಕರೆಂಟಿನ ಮಾತು. 1902ರಲ್ಲಿ ಶಿವನಸಮುದ್ರದಿಂದ ಕೆಜಿಎಫ್‌ಗೆ ಸುಮಾರು 147 ಕಿಲೋಮೀಟರ್ ತಂತಿ ಎಳೆದ್ರು, ಬೆಂಗಳೂರಿಗೆ ದೀಪ ಬಂದಿದ್ದು 1905ರಲ್ಲಿ. ಆ ಕರೆಂಟು ಬಂದಿದ್ದೇ ಗಣಿ ಮಷೀನಿಗೆ, ಕೂಲಿಯೋರ ಸಾಲುಮನೆ ಲೈನುಗಳಿಗಲ್ಲ, ಅದು ನಿಜ. ಆದ್ರೆ ಪವರ್ ಹೌಸ್ ಕಟ್ಟಿಸಿದ್ದು ಟೇಲರ್ ಕಂಪನಿಯಲ್ಲ, ಮೈಸೂರು ಸಂಸ್ಥಾನ. ದುಡ್ಡು ಕೊಟ್ಟು ಕೊಳ್ಳೋ ದೊಡ್ಡ ಗಿರಾಕಿ ಗಣಿ ರೂಪದಲ್ಲಿ ಇದ್ದದ್ದಕ್ಕೇ ಅಷ್ಟು ಧೈರ್ಯ ಮಾಡೋಕಾಯ್ತು. ಸಂಸ್ಥಾನಕ್ಕೆ ರಾಯಲ್ಟಿನೂ ಬರ್ತಿತ್ತು. "ಏನೂ ಬಿಟ್ಟು ಹೋಗ್ಲಿಲ್ಲ" ಅಂತ ನಾನು ಹೇಳ್ತಿದ್ದೆನಲ್ಲ, ಅದನ್ನ ವಾಪಸ್ ತಗೋಬೇಕಾಯ್ತು.

ಇದಕ್ಕಿಂತ ನನ್ನನ್ನ ಜಾಸ್ತಿ ಕಾಡಿದ್ದು ಬೇರೆ. ಗೆಳೆಯನ ಮುತ್ತಾತ ಉತ್ತರ ಆರ್ಕಾಟಿಂದ ಬಂದೋರು, ಊರಲ್ಲಿ ಜಮೀನ್ದಾರರ ಹೊಲದಲ್ಲಿ ಜೀತ. ಇಲ್ಲಿ ಸುರಂಗದ ಕೆಲಸ ಮಾಡಿದೋರಲ್ಲಿ ಬಹಳ ಜನ ಅವರ ಥರಾನೇ, ತಮಿಳು ದಲಿತರು. ಇಲ್ಲಿ ಕೈಗೆ ಕಾಸು ಬರ್ತಿತ್ತು, ಊರ ಗೌಡರಿಗೆ ಕೈಕಟ್ಟಿ ನಿಲ್ಲಬೇಕಿರಲಿಲ್ಲ. ತಮಿಳು ದಲಿತ ಚಿಂತಕ ಅಯೋತಿ ದಾಸರ ಬೌದ್ಧ ಸಂಘದ ಶಾಖೆಗಳು ಇಲ್ಲಿ ಗಟ್ಟಿಯಾಗಿ ಬೇರು ಬಿಟ್ಟಿದ್ದು ಈ ಜನರಿಂದಲೇ. ಹಾಗಂತ ಅದನ್ನ ಕಂಪನಿ ದೊಡ್ಡಸ್ತಿಕೆ ಖಾತೆಗೆ ಬರ್ಕೋಬೇಡಿ. ಅದೇ ಕಂಪನಿ ಶಿಫ್ಟು ಮುಗಿಸಿ ಬಂದೋರ ಮೈಯೆಲ್ಲಾ ತಡಕಿ ಹೊರಗೆ ಬಿಡ್ತಿತ್ತು, ಬಂಗಲೆಗಳಿದ್ದದ್ದು ಒಂದು ಕಡೆ, ಹತ್ತಡಿ ರೂಮಿನ ಲೈನುಗಳು ಇನ್ನೊಂದು ಕಡೆ.

ನಾನು ಅಜ್ಜಿನ ಕೇಳ್ದೆ, ತಾತ ಕಂಪನಿ ಕಾಲದಲ್ಲಿ ಬಹಳ ಕಷ್ಟಪಟ್ರಾ ಅಂತ. ಅವರು ನನ್ನ ಮುಖ ನೋಡಿ "ಯಾವ ಕಂಪನಿ? ಅವ್ರು ಸೇರಿದ್ದೇ ಗೌರ್ಮೆಂಟ್ ಆದ್ಮೇಲೆ" ಅಂದ್ರು. ಲೆಕ್ಕ ಹಾಕಿ ನೋಡಿ, 1956ರಲ್ಲಿ ರಾಷ್ಟ್ರೀಕರಣ, ಮುಚ್ಚಿದ್ದು 2001ರ ಫೆಬ್ರವರಿ, ಅಂದ್ರೆ 45 ವರ್ಷ ನಮ್ಮೋರೇ ನಡೆಸಿದ್ದು. ತಾತ ಇಳೀತಿದ್ದದ್ದು ನೆಲದಿಂದ ಎರಡು ಕಿಲೋಮೀಟರಿಗೂ ಕೆಳಗೆ, ಕಲ್ಲೇ ಸುಡ್ತಿರೋ ಜಾಗಕ್ಕೆ. ರಾಕ್ ಬರ್ಸ್ಟ್ ಆದ್ರೆ, ಅಂದ್ರೆ ಒತ್ತಡಕ್ಕೆ ಒಳಗಿನ ಬಂಡೆ ಸಿಡಿದ್ರೆ, ಮೇಲೆ ಮನೇಲಿ ಕಪಾಟಿನ ಸ್ಟೀಲ್ ಲೋಟಗಳು ಕಿಣಿಕಿಣಿ ಅನ್ನೋವಂತೆ, ಅಜ್ಜಿ ಮಕ್ಕಳನ್ನ ಪಕ್ಕದ ಮನೇಲಿ ಬಿಟ್ಟು ಶಾಫ್ಟ್ ಕಡೆ, ಅಂದ್ರೆ ಗಣಿಗೆ ಇಳಿಯೋ ಬಾಯಿ ಕಡೆ ಓಡೋರಂತೆ, ಇಡೀ ಲೈನಿನ ಹೆಂಗಸರೆಲ್ಲ ಓಡೋರಂತೆ, ಯಾರ ಮನೆಯೋರು ಮೇಲೆ ಬರ್ತಾರೆ ಯಾರ ಮನೆಯೋರು ಬರಲ್ಲ ಅಂತ ಗೇಟ್ ಹತ್ರ ನಿಂತು ನೋಡೋದು. ತಾತ ಪ್ರತಿ ಸಲ ಮೇಲೆ ಬಂದ್ರು. ರಿಟೈರ್ ಆದ್ಮೇಲೆ ಕಲ್ಲಿನ ಧೂಳು ಪುಪ್ಪುಸದಲ್ಲಿ ಕೂತು ದಮ್ಮು ಕಟ್ಟಿ ಹೋದ್ರು.

ಮನೆ ಈಗ್ಲೂ ಅದೇ ಹತ್ತಡಿ, ಮುಂದೆ ಒಂದು ಶೀಟು ಇಳಿಸ್ಕೊಂಡಿದ್ದಾರೆ ಅಷ್ಟೇ. ಮೊಮ್ಮಗ ಬೆಳಗಾಗೋಕೆ ಮುಂಚೆ ರೈಲು ಹತ್ತಿ ಬೆಂಗಳೂರಿಗೆ ಬಂದು ಕೆಲಸ ಮುಗಿಸಿ ರಾತ್ರಿ ವಾಪಸ್ ಹೋಗ್ತಾನೆ, ಊರಲ್ಲಿ ಅರ್ಧ ಜನ ಹಿಂಗೇ. ಬ್ರಿಟಿಷರನ್ನ ಬೈಯೋದು ಸುಲಭ, ಅವರು ಇಲ್ಲಿಲ್ಲ. ಗುಡ್ಡಕ್ಕೆ ಮಣ್ಣು ಹೊದಿಸಿ ಗಿಡ ಹಾಕೋಕೆ ನಮಗ್ಯಾರು ಅಡ್ಡ ಬಂದಿದ್ರು?

2024ರಲ್ಲಿ ಆ 13 ಗುಡ್ಡಗಳನ್ನ ಮತ್ತೆ ಅಗೆದು ಮಿಕ್ಕ ಚಿನ್ನ ತೆಗೆಯೋ ಕೇಂದ್ರದ ಪ್ರಸ್ತಾಪಕ್ಕೆ ರಾಜ್ಯ ಸಂಪುಟ ಒಪ್ಪಿಗೆ ಕೊಡ್ತು. ಪೇಪರಲ್ಲೆಲ್ಲ ಎಷ್ಟು ಚಿನ್ನ, ಎಷ್ಟು ಕೋಟಿ ಅಂತ ಲೆಕ್ಕ. ಹೊರಡೋ ದಿನ ನಾನದನ್ನ ಅಜ್ಜಿಗೆ ಹೇಳ್ದೆ, ಖುಷಿ ಪಡ್ತಾರೇನೋ ಅನ್ಕೊಂಡೆ. ಅವರು ಪಾತ್ರೆ ಮೇಲಿನ ಬಟ್ಟೆ ತೆಗೆದು ಹೊಸಿಲ ಆಚೆ ಕೊಡವಿ, ಮತ್ತೆ ನೀರಲ್ಲಿ ಅದ್ದುತ್ತಾ ಕೇಳಿದ್ದು ಒಂದೇ: "ಅಗೀವಾಗ ನೀರು ಹೊಡೀತಾರಾ?"