ನಿದ್ದೆಗೆ ಒಂದು ಗುಳಿಗೆ ಕೊಡ್ತೀರಾ ಅಕ್ಕಾ?

ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ ನಾನು ಮೆಡಿಕಲ್ ಅಂಗಡಿ ಇಟ್ಟು 19 ವರ್ಷವಾಯಿತು. ರಾತ್ರಿ ಒಂಬತ್ತೂವರೆ ಮೇಲೆ, ಲೋಕಲ್ ರೈಲು ಇಳಿದ ಜನ ಮನೆ ಕಡೆ ನಡೆಯುವ ಹೊತ್ತಿನಲ್ಲಿ, ಯಾರಾದರೊಬ್ಬರು ಕೌಂಟರಿನ ಹತ್ತಿರ ಬಂದು ನಿಲ್ಲುತ್ತಾರೆ. ಬೇರೆ ಗಿರಾಕಿಗಳು ಹೋಗಲಿ ಎಂದು ಕಾಯುತ್ತಾರೆ. ಆಮೇಲೆ ದನಿ ತಗ್ಗಿಸಿ ಕೇಳುತ್ತಾರೆ: "ಅಕ್ಕಾ, ರಾತ್ರಿ ನಿದ್ದೇನೇ ಇಲ್ಲ. ಒಂದು ಗುಳಿಗೆ ಕೊಡ್ತೀರಾ?" ನಮ್ಮ ಊರು ಕುಮಟಾದಿಂದ ನೆಂಟರು ಫೋನ್ ಮಾಡಿ ಕೇಳುವುದೂ ಇದನ್ನೇ. ಇಲ್ಲಿನ ಕನ್ನಡ ಸಂಘದ ಕಾರ್ಯಕ್ರಮಕ್ಕೆ ಹೋದರೆ ಊಟದ ಸಾಲಿನಲ್ಲೂ ಇದೇ. ಪ್ರತಿ ಸಲ ಅರ್ಧ ಉತ್ತರ ಕೊಟ್ಟು ಕಳಿಸಿದ್ದೇನೆ. ಪೂರ್ತಿ ಉತ್ತರ ಇಲ್ಲಿದೆ.

ಡಾಕ್ಟರ ಚೀಟಿ ಇಲ್ಲದೆ ಕೊಡುವುದಿಲ್ಲ. ಆಲ್ಪ್ರಾಜೋಲಾಮ್, ಜೋಲ್ಪಿಡೆಮ್, ನೈಟ್ರಾಜೆಪಾಮ್ ಮೊದಲಾದ ನಿದ್ದೆ ಗುಳಿಗೆಗಳೆಲ್ಲ 2014ರ ಮಾರ್ಚ್‌ನಿಂದ ಶೆಡ್ಯೂಲ್ ಎಚ್1 ಎಂಬ, ಮಾರಾಟಕ್ಕೆ ಕಟ್ಟುನಿಟ್ಟು ಇರುವ ಔಷಧಗಳ ಸರಕಾರಿ ಪಟ್ಟಿಯಲ್ಲಿವೆ. ಕೊಟ್ಟಾಗಲೆಲ್ಲ ಡಾಕ್ಟರ ಹೆಸರು, ವಿಳಾಸ, ರೋಗಿಯ ಹೆಸರು, ಎಷ್ಟು ಗುಳಿಗೆ ಎಂದು ಬೇರೆಯೇ ರಿಜಿಸ್ಟರಿನಲ್ಲಿ ಬರೆಯಬೇಕು. ಅದನ್ನು ಮೂರು ವರ್ಷ ಇಟ್ಟುಕೊಳ್ಳಬೇಕು. "ನಾವು ನಿಮ್ಮೂರವರೇ ಅಲ್ವಾ, ಎರಡೇ ಕೊಡಿ" ಎಂದರೂ ಇಲ್ಲ. ಕಾನೂನಿನ ಹೆದರಿಕೆ ಒಂದೇ ಕಾರಣ ಅಲ್ಲ. ಈ ಗುಳಿಗೆ ಏನು ಮಾಡುತ್ತದೆ ಎಂದು ನಮ್ಮ ಮನೆಯಲ್ಲೇ ನೋಡಿದ್ದೇನೆ.

ಮಾವ ತೀರಿಕೊಂಡ ಮೇಲೆ ಅತ್ತೆಯ ನಿದ್ದೆ ಹೋಯಿತು. ಡಾಕ್ಟರು ಅರ್ಧ ಮಿಲಿಗ್ರಾಂ ಆಲ್ಪ್ರಾಜೋಲಾಮ್ ಬರೆದರು, 15 ದಿನಕ್ಕೆ. ಆ 15 ದಿನ ಆರು ವರ್ಷವಾಯಿತು. ಚೀಟಿ ಹೊಸದು ಮಾಡಿಸುತ್ತಾ ಹೋದೆವು. ಅತ್ತೆ ಹಾಯಾಗಿ ಮಲಗುತ್ತಿದ್ದರು. ಇದರ ಬಗ್ಗೆ ಓದಿ ಪರೀಕ್ಷೆ ಬರೆದು ಪಾಸಾದವಳು ನಾನು. ಆದರೂ "ಇನ್ನೂ ಯಾಕೆ?" ಎಂದು ಒಮ್ಮೆಯೂ ಕೇಳಲಿಲ್ಲ.

ಒಂದು ವರ್ಷ ಚೌತಿಗೆ ಮತ್ಸ್ಯಗಂಧ ರೈಲಿನಲ್ಲಿ ಊರಿಗೆ ಹೊರಟೆವು. ಗುಳಿಗೆಯ ಡಬ್ಬಿ ಡೊಂಬಿವಲಿಯಲ್ಲೇ ಉಳಿಯಿತು. ಹಬ್ಬದ ಮನೆಯಲ್ಲಿ ಎಲ್ಲರಿಗೂ ತೊಂದರೆ ಯಾಕೆ ಎಂದು ಅತ್ತೆ ಹೇಳಲೇ ಇಲ್ಲ. ಮೊದಲ ರಾತ್ರಿ ಕಣ್ಣು ಮುಚ್ಚಲಿಲ್ಲ. ಎರಡನೇ ದಿನ ಕೈ ನಡುಗಿ ಚಕ್ಕುಲಿ ಒತ್ತುವುದಕ್ಕೆ ಆಗಲಿಲ್ಲ. ಮೂರನೇ ರಾತ್ರಿ ಮೈಯೆಲ್ಲ ಬೆವರು, ಎದೆ ಡವಡವ. "ಅವರು ಇನ್ನೂ ಬಂದಿಲ್ಲ, ಬಾಗಿಲು ಹಾಕಬೇಡಿ" ಎನ್ನುತ್ತಿದ್ದರು. ಮಾವ ಹೋಗಿ ಆರು ವರ್ಷವಾಗಿತ್ತು. ಗುಳಿಗೆ ಒಮ್ಮೆಲೇ ನಿಂತದ್ದೇ ಇದಕ್ಕೆಲ್ಲ ಕಾರಣ ಎಂದು ಆಗ ನನಗೆ ಹೊಳೆಯಿತು.

ಮೆದುಳಿನಲ್ಲಿ ಗಾಬಾ ಎಂಬ ರಾಸಾಯನಿಕ ಇದೆ. ನರಗಳ ಗಡಿಬಿಡಿಯನ್ನು ತಣಿಸುವುದು ಅದರ ಕೆಲಸ. ಗುಳಿಗೆ ಅದಕ್ಕೆ ಇನ್ನಷ್ಟು ಬಲ ಕೊಡುತ್ತದೆ. ಕೆಲವು ವಾರ ಕಳೆದರೆ ಮೆದುಳು ಆ ಬಲಕ್ಕೆ ಒಗ್ಗಿಕೊಂಡು ತನ್ನ ಕೈಯನ್ನು ಸಡಿಲ ಬಿಡುತ್ತದೆ. ಒಮ್ಮೆಲೇ ಗುಳಿಗೆ ನಿಂತರೆ ಹಿಡಿಯುವವರೇ ಇರುವುದಿಲ್ಲ. ನಿದ್ದೆ ಮೊದಲಿಗಿಂತ ಜಾಸ್ತಿ ಕೆಡುತ್ತದೆ. ಕೆಲವರಿಗೆ ಫಿಟ್ಸ್ ಕೂಡ ಬರಬಹುದು. ಕುಮಟಾದ ಡಾಕ್ಟರು ಅದೇ ಗುಳಿಗೆಯನ್ನು ಮತ್ತೆ ಶುರು ಮಾಡಿಸಿದರು. ವಾಪಸ್ ಬಂದ ಮೇಲೆ ಇಲ್ಲಿನ ಡಾಕ್ಟರು ಸ್ವಲ್ಪ ಸ್ವಲ್ಪವೇ ಇಳಿಸುತ್ತಾ ಐದು ತಿಂಗಳಲ್ಲಿ ಬಿಡಿಸಿದರು. ಅತ್ತೆಗೆ ಈಗ 74. ಹತ್ತಕ್ಕೆ ಮಲಗಿ ನಾಲ್ಕಕ್ಕೆ ಏಳುತ್ತಾರೆ. "ಆರೇ ತಾಸು" ಎಂದು ಗೊಣಗುತ್ತಾರೆ. ಹಗಲಿಡೀ ಚುರುಕಾಗಿರುತ್ತಾರಲ್ಲ, ನನಗೆ ಅಷ್ಟು ಸಾಕು.

ಹಾಗಂತ ಈ ಗುಳಿಗೆಗಳು ವಿಷ ಎಂದು ನಾನು ಹೇಳುವುದಿಲ್ಲ. ಸಾವಿನ ಮನೆಯ ಮೊದಲ ವಾರಗಳಲ್ಲಿ, ದೊಡ್ಡ ಆಪರೇಷನ್ ಆದ ಮೇಲೆ, ಡಾಕ್ಟರು ಹೇಳಿದಷ್ಟು ದಿನ ತೆಗೆದುಕೊಂಡರೆ ಅದು ನಿಜವಾದ ಆಸರೆ. ಕುಡಿದು ಅದರ ಮೇಲೆ ಮಾತ್ರ ಎಂದಿಗೂ ಬೇಡ, ಉಸಿರೇ ನಿಧಾನವಾಗಿಬಿಡುತ್ತದೆ. ವಯಸ್ಸಾದವರು ಮಧ್ಯರಾತ್ರಿ ಬಚ್ಚಲಿಗೆ ಎದ್ದು ಗುಳಿಗೆಯ ಅಮಲಿನಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಳ್ಳುತ್ತಾರೆ. ಜೋಲ್ಪಿಡೆಮ್ ಹೆಂಗಸರ ಮೈಯಿಂದ ನಿಧಾನವಾಗಿ ಹೊರಹೋಗುತ್ತದೆ. ಅದಕ್ಕೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2013ರಲ್ಲಿ ಅವರ ಡೋಸನ್ನು 10 ಮಿಲಿಗ್ರಾಂನಿಂದ 5ಕ್ಕೆ ಇಳಿಸಿತು. ನಿದ್ದೆಗಣ್ಣಿನಲ್ಲೇ ಎದ್ದು ನಡೆದು, ಗಾಡಿ ಓಡಿಸಿ ಅನಾಹುತ ಮಾಡಿಕೊಂಡವರಿದ್ದಾರೆಂದು 2019ರಲ್ಲಿ ಅದರ ಮೇಲೆ ಅತಿ ಕಟ್ಟುನಿಟ್ಟಿನ ಎಚ್ಚರಿಕೆಯನ್ನೂ ಹಾಕಿಸಿತು.

"ಹೋಗಲಿ, ನೆಗಡಿ ಗುಳಿಗೆ ಕೊಡಿ, ಅದರಲ್ಲೂ ನಿದ್ದೆ ಬರುತ್ತಲ್ಲ" ಎನ್ನುತ್ತಾರೆ. ಬರುವುದು ಮಂಪರು. ಮರುದಿನ ಹನ್ನೊಂದರವರೆಗೂ ತಲೆ ಭಾರ, ಬಾಯಿ ಒಣ. ಪ್ರಾಸ್ಟೇಟ್ ತೊಂದರೆ ಇರುವ ಗಂಡಸರಿಗೆ ಮೂತ್ರವೇ ಕಟ್ಟಿಕೊಳ್ಳಬಹುದು. ಮೆಲಟೋನಿನ್ ಬೇರೆ ವಿಷಯ. ಕತ್ತಲಾಯಿತು ಎಂದು ಮೈಗೆ ತಿಳಿಸಲು ಮೆದುಳೇ ಹೊರಬಿಡುವ ಹಾರ್ಮೋನ್ ಅದು. ವಿದೇಶದಿಂದ ಬಂದು ಹಗಲು ರಾತ್ರಿ ಅದಲುಬದಲಾದವರಿಗೆ ಉಪಯೋಗ. ಚಿಂತೆಯಿಂದ ಎಚ್ಚರವಿರುವವರಿಗೆ ಅದರಿಂದ ಹೇಳಿಕೊಳ್ಳುವಂಥ ಲಾಭ ನಾನು ನೋಡಿಲ್ಲ. ಅಶ್ವಗಂಧ ಗಿಡಮೂಲಿಕೆ ತಾನೇ ಎಂದು ಸುಮ್ನೆ ನುಂಗಬೇಡಿ. ಥೈರಾಯ್ಡ್ ಗುಳಿಗೆ ತೆಗೆದುಕೊಳ್ಳುವವರು, ಲಿವರ್ ತೊಂದರೆ ಇರುವವರು ಡಾಕ್ಟರನ್ನು ಕೇಳಲೇಬೇಕು. ಹಾಲಿಗೆ ಚಿಟಿಕೆ ಜಾಯಿಕಾಯಿ ತೇಯ್ದು ಹಾಕಿ ಕುಡಿಯುವ ರೂಢಿ ನಮ್ಮ ಮನೆಯಲ್ಲೂ ಇದೆ. ಚಿಟಿಕೆ ಎಂದರೆ ಚಿಟಿಕೆಯೇ. ಚಮಚಗಟ್ಟಲೆ ಹಾಕಿದರೆ ಅದೂ ತಲೆಗೇರುತ್ತದೆ.

ಇನ್ನು ನಾನು ಗುಳಿಗೆಯ ಬದಲು ಏನು ಹೇಳುತ್ತೇನೆ? ಮೊದಲು ಒಂದು ಪ್ರಶ್ನೆ ಕೇಳುತ್ತೇನೆ: "ಬೆಳಿಗ್ಗೆ ಎಷ್ಟಕ್ಕೆ ಏಳ್ತೀರಿ? ಆಮೇಲೆ ದಿನದಲ್ಲಿ ಎಲ್ಲೆಲ್ಲಿ ಕಣ್ಣು ಮುಚ್ಚುತ್ತೀರಿ?"

ಮುಂಬಯಿಯ ಫೋರ್ಟ್ ಪ್ರದೇಶದ ಒಂದು ಆಫೀಸಿನಲ್ಲಿ ಲೆಕ್ಕ ಬರೆಯುವ ನಮ್ಮ ಕಡೆಯವರೊಬ್ಬರು ಮೂರು ಸಲ ಗುಳಿಗೆ ಕೇಳಿ ಬಂದಿದ್ದರು. ರಾತ್ರಿ ಒಂದರವರೆಗೂ ಹೊರಳಾಟ. ಮೂರನೇ ಸಲ ಕೂರಿಸಿ ಕೇಳಿದೆ. ಸಂಜೆ ಲೋಕಲ್ ಹೊರಡುವ ಸಿಎಸ್‌ಎಂಟಿ ನಿಲ್ದಾಣದಲ್ಲೇ ಗಾಡಿ ಹತ್ತುವುದರಿಂದ ಅವರಿಗೆ ಕಿಟಕಿ ಸೀಟು ಸಿಗುತ್ತದೆ. ದಾದರ್ ಬರುವಷ್ಟರಲ್ಲಿ ನಿದ್ದೆ. ಮುಂಬ್ರಾ ದಾಟಿದ ಮೇಲೆ ಎಚ್ಚರ. ಸಂಜೆ ಏಳೂವರೆಯಿಂದ ಎಂಟೂವರೆಯ ತನಕ ಒಳ್ಳೇ ಗಾಢ ನಿದ್ದೆ! "ಅದೊಂದು ನಿದ್ದೇನಾ ಅಕ್ಕಾ, ಸುಸ್ತಿಗೆ ಕಣ್ಣು ಮುಚ್ಚಿದ್ದು" ಎಂದರು.

ಅದು ಲೆಕ್ಕಕ್ಕೆ ಬರುತ್ತದೆ. ಎಚ್ಚರವಿದ್ದಷ್ಟೂ ಹೊತ್ತು ಮೆದುಳಿನಲ್ಲಿ ಅಡೆನೊಸಿನ್ ಎಂಬ ವಸ್ತು ಕೂಡುತ್ತಾ ಹೋಗುತ್ತದೆ. ಅದು ಕೂಡಿದಷ್ಟೂ ನಿದ್ದೆಯ ಹಸಿವು ಏರುತ್ತದೆ. ಮಲಗಿದಾಗ ಇಳಿಯುತ್ತದೆ. ರಾತ್ರಿ ಊಟಕ್ಕೆ ಎರಡು ತಾಸು ಮೊದಲು ಮಸಾಲೆ ದೋಸೆ ತಿಂದು ಬಂದರೆ ಅನ್ನ ಸೇರುತ್ತದೆಯೇ? ಅವರು ಮಾಡುತ್ತಿದ್ದದ್ದು ಅದೇ. ಬೆಳಗಿನ ಗಾಡಿಯಲ್ಲಿ ಬೇಕಾದರೆ ಮಲಗಿ, ಸಂಜೆಯ ಗಾಡಿಯಲ್ಲಿ ಬೇಡ ಎಂದೆ. ಭಾನುವಾರ ಹತ್ತರವರೆಗೆ ಮಲಗುವುದನ್ನೂ ಬಿಡಿಸಿದೆ. ದಿನಾ ಐದೂವರೆಗೆ ಏಳುವವರು ಭಾನುವಾರ ಆರಕ್ಕಾದರೂ ಏಳಬೇಕು. ಹಿಂದಿನ ರಾತ್ರಿ ನಿದ್ದೆ ಕೆಟ್ಟಿದ್ದರೂ ಅಷ್ಟೇ. ಎದ್ದು ಬಿಸಿಲಿಗೆ ಹೋಗಬೇಕು, ಮೈಯ ಗಡಿಯಾರಕ್ಕೆ ಕೀಲಿ ಕೊಡುವುದು ಆ ಬೆಳಕು. ಮೊದಲ ಹತ್ತು ದಿನ ಅವರಿಗೆ ನನ್ನ ಮೇಲೆ ಸಿಟ್ಟಿತ್ತು. ಆಮೇಲೆ ಅದೇ ಗಾಡಿಯಲ್ಲಿ ಪ್ರಯಾಣಿಕರು ಕೂಡಿ ಭಜನೆ ಹಾಡುವ ಡಬ್ಬಾಕ್ಕೆ ಸೇರಿಕೊಂಡರು. ತಾಳ ಹಿಡಿದು ನಿಂತರೆ ನಿದ್ದೆ ಎಲ್ಲಿಂದ ಬರಬೇಕು? ಒಂದು ತಿಂಗಳಲ್ಲಿ ಹನ್ನೊಂದಕ್ಕೆ ಮಲಗುವಂತಾದರು.

ಇದು ನಾನೇ ಕಂಡುಹಿಡಿದದ್ದೇನಲ್ಲ. ಸಿಬಿಟಿ-ಐ ಎಂಬ ಒಂದು ಚಿಕಿತ್ಸೆ ಇದೆ. ನಿದ್ದೆಯ ಹೊತ್ತು, ಹಾಸಿಗೆಯ ಅಭ್ಯಾಸ, ನಿದ್ದೆಯ ಬಗೆಗಿನ ಭಯ ಇವನ್ನು ಕೆಲವು ವಾರಗಳಲ್ಲಿ ತಿದ್ದುತ್ತಾರೆ. ಬಹಳ ದಿನದಿಂದ ನಿದ್ದೆ ಬಾರದವರಿಗೆ ಗುಳಿಗೆಗಿಂತ ಮೊದಲು ಇದನ್ನೇ ಕೊಡಿ ಎಂದು ಅಲ್ಲಿನ ಡಾಕ್ಟರುಗಳ ಸಂಸ್ಥೆ ಅಮೆರಿಕನ್ ಕಾಲೇಜ್ ಆಫ್ ಫಿಸಿಷಿಯನ್ಸ್ 2016ರಲ್ಲಿ ಹೇಳಿದೆ. ಈ ಚಿಕಿತ್ಸೆಯ ಒಂದು ಪಾಠ ಮನೋವಿಜ್ಞಾನಿ ರಿಚರ್ಡ್ ಬೂಟ್ಜಿನ್ 1972ರಲ್ಲಿ ಹೇಳಿಕೊಟ್ಟದ್ದು: ಹಾಸಿಗೆ ನಿದ್ದೆಗೆ ಮಾತ್ರ, ನಿದ್ದೆ ಬಾರದಿದ್ದರೆ ಎದ್ದು ಬೇರೆ ಕೋಣೆಗೆ ಹೋಗಿ. ಒಂದೇ ಕೋಣೆಯಲ್ಲಿ ಐದು ಜನ ಇರುವ ಇಲ್ಲಿನ ಮನೆಗಳಲ್ಲಿ ಬೇರೆ ಕೋಣೆ ಎಲ್ಲಿದೆ? ನಾನು ಹೀಗೆ ಹೇಳುತ್ತೇನೆ: ಹಗಲಿನಲ್ಲಿ ಹಾಸಿಗೆ ಸುತ್ತಿಡಿ, ಅದರ ಮೇಲೆ ಕೂತು ಟಿವಿ, ಮೊಬೈಲ್ ಬೇಡ. ನಿದ್ದೆ ಬಾರದೆ ಹೊರಳಾಡುವಾಗ ಎದ್ದು ಅಡುಗೆಮನೆಯ ಮೂಲೆಯಲ್ಲಿ ಒಂದು ಮಣೆ ಹಾಕಿಕೊಂಡು ಕೂತುಕೊಳ್ಳಿ. ಸಣ್ಣ ದೀಪ ಸಾಕು. ಬೆಳ್ಳುಳ್ಳಿ ಬೇಕಾದರೂ ಸುಲಿಯಿರಿ. ಕಣ್ಣು ಎಳೆದಾಗ ಬಂದು ಮಲಗಿ. ಗಡಿಯಾರ ನೋಡಬೇಡಿ.

ಹೋಟೆಲಿನಲ್ಲಿ ದುಡಿಯುವ ಹುಡುಗರಿಗೆ ಒಂದು ಮಾತು. ರಾತ್ರಿ ಹತ್ತಕ್ಕೆ ಗಲ್ಲಾ ಮುಚ್ಚುವಾಗ ಕುಡಿಯುವ ಚಹಾದ ಅರ್ಧ ಕೆಫೀನ್ ಬೆಳಗಿನ ಮೂರಕ್ಕೂ ಮೈಯಲ್ಲೇ ಇರುತ್ತದೆ. ಸಂಜೆ ನಾಲ್ಕರದ್ದೇ ಕೊನೆಯದಾಗಲಿ.

ಕೆಲವರಿಗೆ ಇದ್ಯಾವುದೂ ಸಾಲದು. ಜೋರಾಗಿ ಗೊರಕೆ ಹೊಡೆದು, ನಡುವೆ ಉಸಿರು ನಿಂತ ಹಾಗಾಗಿ ಬೆಚ್ಚಿ ಏಳುವವರಿಗೆ ಸ್ಲೀಪ್ ಅಪ್ನಿಯಾ ಇರಬಹುದು. ಅವರಿಗೆ ನಿದ್ದೆ ಗುಳಿಗೆ ಅಪಾಯ. ಡಾಕ್ಟರಿಗೆ ಹೇಳಿ ಸ್ಲೀಪ್ ಸ್ಟಡಿ, ಅಂದರೆ ಮಲಗಿದಾಗಿನ ಉಸಿರಾಟದ ತಪಾಸಣೆ, ಮಾಡಿಸಬೇಕು. ಮಲಗಿದ ಕೂಡಲೇ ಕಾಲು ಚಡಪಡಿಸುವ ಹೆಂಗಸರು ರಕ್ತದ ಕಬ್ಬಿಣಾಂಶ ನೋಡಿಸಿಕೊಳ್ಳಲಿ. ದಿನಾ ಬೆಳಗಿನ ಮೂರಕ್ಕೆ ಎಚ್ಚರವಾಗಿ, ಯಾವುದರಲ್ಲೂ ಆಸೆ ಇಲ್ಲ ಅನ್ನಿಸುತ್ತಿದ್ದರೆ ಅದನ್ನು ಒಬ್ಬರೇ ನುಂಗಿಕೊಳ್ಳಬೇಡಿ. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416ಕ್ಕೆ ಫೋನ್ ಮಾಡಿ. ರಾತ್ರಿಯೂ ಎತ್ತುತ್ತಾರೆ, ದುಡ್ಡಿಲ್ಲ, ಅದರ ಭಾಷೆಗಳಲ್ಲಿ ಕನ್ನಡವೂ ಇದೆ.

ವರ್ಷಗಳಿಂದ ಗುಳಿಗೆ ನುಂಗುತ್ತಿರುವವರು ಇದನ್ನು ಓದಿ ಇವತ್ತೇ ನಿಲ್ಲಿಸಬೇಡಿ. ಹಳೇ ಚೀಟಿ, ಗುಳಿಗೆಯ ಸ್ಟ್ರಿಪ್ ಎರಡನ್ನೂ ಹಿಡಿದುಕೊಂಡು ಡಾಕ್ಟರ ಹತ್ತಿರ ಹೋಗಿ "ಇಳಿಸಬೇಕು, ಹೇಗೆ?" ಎಂದು ಕೇಳಿ. ಊರಿಗೆ ಹೊರಟರೆ ಬ್ಯಾಗಿನಲ್ಲಿ ಎಲ್ಲಕ್ಕಿಂತ ಮೊದಲು ಆ ಡಬ್ಬಿ ಇಡಿ. ನನ್ನನ್ನು ಕೇಳುವುದಿದ್ದರೆ ರಾತ್ರಿ ಒಂಬತ್ತೂವರೆಗೆ ಬೇಡ. ಬೆಳಿಗ್ಗೆ ಹತ್ತಕ್ಕೆ ಬನ್ನಿ. ಆಗ ಅಂಗಡಿಯಲ್ಲಿ ಗದ್ದಲ ಕಡಿಮೆ, ಕೂತು ಮಾತಾಡಬಹುದು.